ಬ್ಯಾನ್ ನೋಟಿಸ್ ಬಂದ್ರೆ ನಮ್ಮ ಡೆಸ್ಕಲ್ಲಿ ಮೊದಲು ನೋಡೋದು ಕ್ಯಾಲೆಂಡರ್

ನಾನು ಕೂತಿರೋದು ಬೆಂಗಳೂರಲ್ಲಿ, ಆದ್ರೆ ದಿನಾ ನನ್ನ ಸ್ಕ್ರೀನ್ ಮೇಲೆ ಓಡಾಡೋ ಊರುಗಳು ಅರ್ಮೇನಿಯಾದ ಯೆರೆವಾನ್, ಕಜಾಕ್‌ಸ್ತಾನದ ಅಲ್ಮಾಟಿ, ಕಿರ್ಗಿಸ್ತಾನದ ಬಿಷ್ಕೆಕ್. ಯುರೋಪಿನ ಒಂದು ಲಾಜಿಸ್ಟಿಕ್ಸ್ ಕಂಪನಿಯ ಟ್ರೇಡ್ ಕಂಪ್ಲಯನ್ಸ್ ಕೆಲಸ ನಮ್ಮದು. ಮಾಲು ಯಾರದು, ಯಾರಿಗೆ ಹೋಗ್ತಿದೆ, ಯಾವ ಗಡಿ ದಾಟುತ್ತೆ, ಪೇಪರ್ ಸರಿ ಇದೆಯಾ, ಇಷ್ಟೇ. ಟೀಮ್‌ಗೆ ಹೊಸದಾಗಿ ಬಂದ ಹುಡುಗ್ರು, ರಷ್ಯಾ ನೋಟಿಸಲ್ಲಿ ಹೇಳಿದ ತಪ್ಪು ಸರಿಮಾಡಿದ್ರೂ ಬ್ಯಾನ್ ಯಾಕೆ ಹೋಗಲ್ಲ ಅಂತ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳ್ತಾರೆ, ಅದಕ್ಕೆ ಒಂದ್ಸಲ ಬರೆದು ಹಾಕ್ತಿದೀನಿ.

ರಷ್ಯಾ ತನ್ನ ಅಕ್ಕಪಕ್ಕದ ದೇಶದ ಮಾಲು ನಿಲ್ಲಿಸಿದಾಗ ನೋಟಿಸಲ್ಲಿ ಜಗಳದ ಸುದ್ದಿ ಸಾಮಾನ್ಯವಾಗಿ ಇರಲ್ಲ. ಕೀಟನಾಶಕ ಜಾಸ್ತಿ ಇದೆ, ಹುಳ ಸಿಕ್ಕಿದೆ, ಲೇಬಲ್ ಸರಿ ಇಲ್ಲ, ಹೀಗೇ ಇರುತ್ತೆ. ಹೊಸಬರು ಅದನ್ನ ಓದಿ ತಕ್ಷಣ ಕ್ಲೈಂಟ್‌ಗೆ ಮೇಲ್ ಹಾಕ್ತಾರೆ, ಇನ್ನೊಂದು ಲ್ಯಾಬ್ ರಿಪೋರ್ಟ್ ಕಳಿಸಿ, ಕ್ಲಿಯರ್ ಆಗುತ್ತೆ ಅಂತ. ಆಗಲ್ಲ ರೀ. ನಮ್ಮ ಟೀಮ್ ಲೀಡ್ ಮೇಡಂ ಮಾಡಿಸಿದ ಅಭ್ಯಾಸ ಏನು ಅಂದ್ರೆ ಫೈಲಲ್ಲಿ ಎರಡು ಕಾಲಂ, ಒಂದರಲ್ಲಿ ನೋಟಿಸ್ ಹೇಳೋ ಕಾರಣ, ಪಕ್ಕದಲ್ಲಿ ಆ ತಿಂಗಳು ಎರಡು ದೇಶದ ನಡುವೆ ಏನು ನಡೀತಿತ್ತು ಅನ್ನೋದು.

ಹಳೇ ಕೇಸುಗಳನ್ನ ಹಾಗೆ ತುಂಬಿಸ್ತಾ ಹೋದ್ರೆ ಗೊತ್ತಾಗುತ್ತೆ. 2006 ಮಾರ್ಚಲ್ಲಿ ಜಾರ್ಜಿಯಾ ಮತ್ತು ಮಾಲ್ಡೋವಾ ವೈನ್ ಬಂದ್, ಕಾರಣ ಕೀಟನಾಶಕ, ಭಾರಲೋಹ. ಆಗ ಇಬ್ರೂ ಪಶ್ಚಿಮದ ಕಡೆ ವಾಲ್ತಿದ್ರು. ಮೇ ತಿಂಗಳಿಗೆ ಜಾರ್ಜಿಯಾದ ಬೋರ್ಜೋಮಿ ಮಿನರಲ್ ವಾಟರ್ ಕೂಡ ಹೋಯ್ತು. 2013 ಜುಲೈ ಕೊನೇಲಿ ಉಕ್ರೇನಿನ ರೋಶೆನ್ ಚಾಕೊಲೇಟ್ ನಿಂತಿತು, ಬೆಂಜೊಪೈರೀನ್ ಅನ್ನೋ ರಾಸಾಯನಿಕ ಸಿಕ್ಕಿದೆ ಅಂದ್ರು. ರೋಶೆನ್ ಮಾಲೀಕ ಪೊರೊಶೆಂಕೊ, ಮುಂದಿನ ವರ್ಷ ಅಧ್ಯಕ್ಷ ಆದ್ನಲ್ಲ, ಅವನೇ. ಸೆಪ್ಟೆಂಬರಲ್ಲಿ ಮಾಲ್ಡೋವಾ ವೈನ್ ಮತ್ತೆ ಬಂದ್, ಅಕ್ಟೋಬರಲ್ಲಿ ಲಿಥುವೇನಿಯಾದ ಹಾಲು ಚೀಸು. ಈಗ ಪಕ್ಕದ ಕಾಲಂ ನೋಡಿ, 2013 ನವೆಂಬರಲ್ಲಿ ವಿಲ್ನಿಯಸ್ ಶೃಂಗಸಭೆ, ಉಕ್ರೇನು ಮಾಲ್ಡೋವಾ ಯುರೋಪಿಯನ್ ಯೂನಿಯನ್ ಜೊತೆ ಒಪ್ಪಂದಕ್ಕೆ ರೆಡಿ ಆಗ್ತಿದ್ರು, ವಿಲ್ನಿಯಸ್ ಇರೋದು ಲಿಥುವೇನಿಯಾದಲ್ಲಿ. ಮೂರು ದೇಶದ ಆಹಾರ ಒಂದೇ ಸೀಸನ್‌ನಲ್ಲಿ ಒಟ್ಟಿಗೆ ಕೆಟ್ಟುಹೋಯ್ತು ಅಂದ್ರೆ ನಂಬೋಕೆ ನಾವೇನು ಕಿವಿ ಮೇಲೆ ಹೂ ಇಟ್ಕೊಂಡಿದೀವಾ?

ಹಾಗಂತ ಪ್ರತಿ ಸಲನೂ ಲ್ಯಾಬ್ ಕಾರಣ ಸುಳ್ಳು ಅಂತ ಅಲ್ಲ. 2014 ಶುರುವಲ್ಲಿ ಲಿಥುವೇನಿಯಾದ ಕಾಡುಹಂದಿಗಳಲ್ಲಿ ಆಫ್ರಿಕನ್ ಹಂದಿಜ್ವರ ನಿಜವಾಗ್ಲೂ ಸಿಕ್ಕಿತ್ತು. ರಷ್ಯಾ ಮಾತ್ರ ರೋಗ ಇದ್ದ ಜಾಗದ್ದಷ್ಟೇ ನಿಲ್ಲಿಸೋ ಬದಲು ಇಡೀ ಯೂನಿಯನ್‌ನ ಹಂದಿಮಾಂಸ ನಿಲ್ಲಿಸಿತು, ವಿಶ್ವ ವ್ಯಾಪಾರ ಸಂಸ್ಥೆ ಅಂದ್ರೆ ಡಬ್ಲ್ಯೂಟಿಓದಲ್ಲಿ ಕೇಸ್ ಸೋತಿತು. ಟರ್ಕಿ ವಿಷಯದಲ್ಲಂತೂ ಮುಚ್ಚುಮರೆನೇ ಇರ್ಲಿಲ್ಲ. 2015 ನವೆಂಬರ್ 24ಕ್ಕೆ ರಷ್ಯಾದ ಯುದ್ಧವಿಮಾನವನ್ನ ಟರ್ಕಿ ಹೊಡೆದುರುಳಿಸಿತು, ಜನವರಿ 1ರಿಂದ ಟರ್ಕಿ ಟೊಮೆಟೊ, ಕಿತ್ತಳೆ ಬಂದ್. ಟರ್ಕಿ ಅಧ್ಯಕ್ಷ ಎರ್ಡೊಗನ್ 2016 ಜೂನಲ್ಲಿ ವಿಷಾದ ವ್ಯಕ್ತಪಡಿಸಿ ಪತ್ರ ಬರೆದ ಮೇಲೆ ಕಿತ್ತಳೆ ಅದೇ ವರ್ಷ ವಾಪಸ್ ಬಂತು, ಟೊಮೆಟೊ ಮಾತ್ರ 2017ರ ಕೊನೆವರೆಗೂ ಕಾಯ್ತು, ಅದೂ 50,000 ಟನ್ ಕೋಟಾ ಮೇಲೆ. ಅಷ್ಟರಲ್ಲಿ ರಷ್ಯಾದೊಳಗೇ ಗ್ರೀನ್‌ಹೌಸ್ ಹಾಕಿದೋರು ಎದ್ದುಬಿಟ್ಟಿದ್ರು, ಅವರಿಗೆ ಟರ್ಕಿ ಟೊಮೆಟೊ ಬರೋದು ಬೇಕಿರ್ಲಿಲ್ಲ. ಜಗಳ ಮುಗಿದ್ರೂ ಬ್ಯಾನ್ ಮುಗಿಯಲ್ಲ ಅನ್ನೋಕೆ ನಾನು ಯಾವಾಗ್ಲೂ ಇದೇ ಉದಾಹರಣೆ ಕೊಡೋದು.

ಕೋರ್ಟಿಗೆ ಹೋಗಬಹುದಲ್ಲ ಅಂತಾರೆ. 2016 ಜನವರಿಯಿಂದ ಉಕ್ರೇನ್ ಮಾಲು ಕಜಾಕ್‌ಸ್ತಾನಕ್ಕೆ ಹೋಗೋದಾದ್ರೆ ಬೆಲಾರುಸ್ ಸುತ್ತಿಕೊಂಡೇ ಬರಬೇಕು ಅಂತ ರಷ್ಯಾ ರೂಲ್ ಮಾಡಿತು. ಉಕ್ರೇನ್ ಆ ವರ್ಷವೇ ಡಬ್ಲ್ಯೂಟಿಓಗೆ ದೂರು ಕೊಟ್ಟಿತು, ತೀರ್ಪು ಬಂದಿದ್ದು 2019 ಏಪ್ರಿಲಲ್ಲಿ. ರಾಷ್ಟ್ರೀಯ ಭದ್ರತೆ ಅನ್ನೋ ನೆಪವನ್ನೂ ನಾವು ಪರಿಶೀಲಿಸಬಹುದು ಅಂತ ಪ್ಯಾನೆಲ್ ಹೇಳಿತು, ಆದ್ರೆ ಈ ಕೇಸಲ್ಲಿ ರಷ್ಯಾ ಮಾಡಿದ್ದು ಸರಿ ಅಂತ ಬಿಟ್ಟುಬಿಡ್ತು. ಲಾಯರ್‌ಗಳಿಗೆ ಭಾರೀ ಇಂಟರೆಸ್ಟಿಂಗ್. ಹಣ್ಣಿನ ಲೋಡ್ ಇಟ್ಕೊಂಡು ಕೂತವನಿಗೆ ಏನೂ ಇಲ್ಲ.

ಹಣ್ಣು ಅಂದಾಗ ನಂಗೆ ನೆನಪಾಗೋದು ಅಪ್ಪರ್ ಲಾರ್ಸ್. ಜಾರ್ಜಿಯಾ ರಷ್ಯಾ ನಡುವಿನ ಬೆಟ್ಟದ ಚೆಕ್‌ಪೋಸ್ಟು. ಅರ್ಮೇನಿಯಾಗೆ ಟರ್ಕಿ ಕಡೆ ಗಡಿನೂ ಬಂದ್, ಅಜರ್‌ಬೈಜಾನ್ ಕಡೆನೂ ಬಂದ್, ಹಾಗಾಗಿ ರಷ್ಯಾಗೆ ಹೋಗೋ ಲಾರಿಗಳಿಗೆ ಬಹುತೇಕ ಇದೇ ರಸ್ತೆ. ಹಿಮ ಬಿದ್ರೆ ನಿಲ್ಲುತ್ತೆ, ಮಣ್ಣು ಕುಸಿದ್ರೆ ನಿಲ್ಲುತ್ತೆ, ಇನ್‌ಸ್ಪೆಕ್ಟರ್ ಮನಸ್ಸು ಮಾಡಿದ್ರೂ ನಿಲ್ಲುತ್ತೆ. 2023ರಲ್ಲಿ ಅರ್ಮೇನಿಯಾ ಮಾಸ್ಕೋ ಜೊತೆ ಮುನಿಸಿಕೊಂಡಿತ್ತು, ನವೆಂಬರಲ್ಲಿ ಅವರ ಹಣ್ಣು ತರಕಾರಿ ಲಾರಿಗಳು ಅಲ್ಲಿ ಸಾಲಾಗಿ ನಿಂತ್ವು. ರೀಫರ್ ಅಂದ್ರೆ ಫ್ರಿಜ್ ಇರೋ ಲಾರಿ ನಿಂತಲ್ಲೇ ನಿಂತ್ರೂ ಒಳಗಿನ ತಂಪಿಗೆ ಡೀಸೆಲ್ ಉರೀತಾನೇ ಇರುತ್ತೆ, ಡ್ರೈವರ್ ಭತ್ಯೆ ಏರ್ತಾ ಇರುತ್ತೆ, ಹುಳ ರೋಗ ಇಲ್ಲ ಅಂತ ಕೊಡೋ ಫೈಟೊ ಸರ್ಟಿಫಿಕೇಟಲ್ಲಿ ಬರೆದಿರೋ ಹಣ್ಣು ಬೇರೆ, ಒಳಗೆ ಮೆತ್ತಗಾಗ್ತಿರೋ ಹಣ್ಣು ಬೇರೆ ಅನ್ನೋ ಹಂಗಾಗುತ್ತೆ. ಆರ್ಡರ್ ಮೇಲೆ ಬ್ಯಾನ್ ಅಂತ ಯಾರೂ ಬರೆದಿರಲ್ಲ, ಚೆಕಿಂಗ್ ನಿಧಾನ ಅಷ್ಟೇ, ಅದಕ್ಕೇ ಇನ್ಶೂರೆನ್ಸ್ ಕ್ಲೇಮ್ ಮಾಡೋಕೂ ಹೆಣಗಾಡಬೇಕು.

ಎಣ್ಣೆಗೂ ಹೀಗೇ. ಕಜಾಕ್‌ಸ್ತಾನ ಹೊರಗೆ ಕಳಿಸೋ ಕ್ರೂಡ್‌ನಲ್ಲಿ ಸುಮಾರು 80% ರಷ್ಯಾದ ನೊವೊರೊಸ್ಸಿಸ್ಕ್ ಬಂದರಿಗೆ ಹೋಗೋ ಒಂದೇ ಪೈಪ್‌ಲೈನಲ್ಲಿ ಹೋಗುತ್ತೆ. 2022 ಜೂನಲ್ಲಿ ಪುಟಿನ್ ಪಕ್ಕದಲ್ಲೇ ಕೂತು ಕಜಾಕ್ ಅಧ್ಯಕ್ಷ ಟೊಕಾಯೆವ್, ಉಕ್ರೇನಿನ ಡೊನೆಟ್ಸ್ಕ್, ಲುಹಾನ್ಸ್ಕ್‌ನ ಬೇರೆ ದೇಶ ಅಂತ ಒಪ್ಪಲ್ಲ ಅಂದ. ಜುಲೈಲಿ ನೊವೊರೊಸ್ಸಿಸ್ಕ್‌ನ ಕೋರ್ಟು ಪರಿಸರ ದಾಖಲೆ ಸರಿ ಇಲ್ಲ ಅಂತ ಪೈಪ್‌ಲೈನ್ 30 ದಿನ ನಿಲ್ಲಿಸಿ ಅಂತು. ಅಪೀಲಲ್ಲಿ ಅದು 2 ಲಕ್ಷ ರೂಬಲ್ ದಂಡಕ್ಕೆ ಇಳೀತು.

2022ರ ನಂತರ ನಮ್ಮ ಕೆಲಸ ತಿರುವುಮುರುವಾಗಿದೆ. ಈಗ ನಿಷೇಧ ಹಾಕ್ತಿರೋದು ಪಶ್ಚಿಮ, ನಾವು ನೋಡೋದು ಮಾಲು ಸುತ್ತುಬಳಸಿ ರಷ್ಯಾ ಸೇರ್ತಿದೆಯಾ ಅಂತ. ಕಿರ್ಗಿಸ್ತಾನ, ಕಜಾಕ್‌ಸ್ತಾನ, ಅರ್ಮೇನಿಯಾ ಮೂರೂ ರಷ್ಯಾ ಜೊತೆ ಒಂದೇ ಕಸ್ಟಮ್ಸ್ ಒಕ್ಕೂಟದಲ್ಲಿವೆ, ಬಿಷ್ಕೆಕ್‌ಗೆ ಬಂದ ಪೆಟ್ಟಿಗೆ ಮುಂದೆ ಮಾಸ್ಕೋಗೆ ಹೋಗೋಕೆ ಕಸ್ಟಮ್ಸ್ ಗೇಟ್ ಇಲ್ಲ. ಯುದ್ಧಕ್ಕೆ ಬೇಕಾಗೋ 50 ಎಚ್‌ಎಸ್ ಕೋಡ್‌ಗಳ (ಕಸ್ಟಮ್ಸ್‌ನೋರು ಮಾಲಿನ ವಿಧಕ್ಕೆ ಕೊಡೋ ನಂಬರ್) ಲಿಸ್ಟ್ ಇದೆ, ಎಲೆಕ್ಟ್ರಾನಿಕ್ ಚಿಪ್, ಬೇರಿಂಗು ಎಲ್ಲ ಅದರಲ್ಲಿ. ಆ ಕೋಡ್ ಕಂಡ್ರೆ ಕೊಳ್ಳೋನು ಯಾವಾಗ ರಿಜಿಸ್ಟರ್ ಆದ, ಗೋಡೌನ್ ಎಲ್ಲಿ, ಇಷ್ಟು ಮಾಲು ಆ ಊರಿಗೆ ಯಾಕೆ, ಎಲ್ಲ ಕೇಳ್ತೀವಿ. ಹಿಂದೆ ಹೂವಿನ ಬಿಸಿನೆಸ್ ಅಂತ ಬರ್ಕೊಂಡಿದ್ದ ಒಂದು ಅಂಗಡಿ ಇದ್ದಕ್ಕಿದ್ದಂತೆ ಬೇರಿಂಗ್ ಆರ್ಡರ್ ಹಾಕಿದ್ದು ನಮ್ಮ ಕಣ್ಣಿಗೂ ಬಿದ್ದಿದೆ. ಮಾಲು ಕೊನೆಗೆ ಯಾತಕ್ಕೆ ಬಳಸ್ತೀರಿ ಅಂತ ಬರೆದುಕೊಡೋ ಎಂಡ್ ಯೂಸ್ ಲೆಟರ್ ಕೇಳಿದ್ವಿ, ಆಮೇಲೆ ಆ ಕಡೆಯಿಂದ ಇಮೇಲೇ ಬರ್ಲಿಲ್ಲ.