ಮಿದುಳಿಗೆ ಚಿಪ್ ಇಟ್ಟರೆ ಮನಸ್ಸಿನ ಗುಟ್ಟು ಹೊರಬೀಳುತ್ತದೆಯೇ?

ಪುಣೆಯ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷ ಇಇಜಿ (ಮಿದುಳಿನ ವಿದ್ಯುತ್ ತರಂಗಗಳನ್ನು ಗೆರೆಗಳಾಗಿ ದಾಖಲಿಸುವ ಪರೀಕ್ಷೆ) ತಂತ್ರಜ್ಞನಾಗಿ ದುಡಿದವನು ನಾನೆಂಬುದು ಇಲ್ಲಿನ ಕನ್ನಡ ಬಳಗಕ್ಕೆಲ್ಲ ಗೊತ್ತಿರುವುದರಿಂದ, ಯಾರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೂ ಊಟದ ಪಂಕ್ತಿಯಲ್ಲಿ ಒಬ್ಬರಾದರೂ ಕೇಳುತ್ತಾರೆ: "ಮಿದುಳಿಗೆ ಚಿಪ್ ಇಟ್ಟರೆ ಮನಸ್ಸಿನಲ್ಲಿರುವುದೆಲ್ಲ ಗೊತ್ತಾಗಿಬಿಡುತ್ತದಂತೆ, ಹೌದೇ ರಾಯರೇ?"

ಸದ್ಯಕ್ಕಂತೂ ಇಲ್ಲ. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿ ಮೊದಲ ಬಾರಿಗೆ ಮನುಷ್ಯನೊಬ್ಬನ ಮಿದುಳಿನಲ್ಲಿ ಅಳವಡಿಸಿದ ಸಾಧನದಲ್ಲಿದ್ದ ಎಲೆಕ್ಟ್ರೋಡ್‌ಗಳು, ಅಂದರೆ ಮಿದುಳಿನ ಸಂಕೇತ ಹಿಡಿಯುವ ಸೂಕ್ಷ್ಮ ತುದಿಗಳು, 1,024. ನಮ್ಮ ಮಿದುಳಿನ ನರಕೋಶಗಳೋ ಸುಮಾರು 8,600 ಕೋಟಿ. ಕೈಯಾಡಿಸಬೇಕೆಂಬ ಇಚ್ಛೆಯಾದಾಗ ಚಲನೆಗೆ ಸಂಬಂಧಿಸಿದ ಪುಟ್ಟ ಭಾಗದಲ್ಲಿ ಏಳುವ ಸಂಕೇತವನ್ನು ಗುರುತಿಸಿ ಆ ಸಾಧನ ಪರದೆಯ ಮೇಲಿನ ಕರ್ಸರನ್ನು ಸರಿಸುತ್ತದೆ. ಕೈಕಾಲಿನ ಸ್ವಾಧೀನ ತಪ್ಪಿದವನಿಗೆ ಅಷ್ಟೇ ದೊಡ್ಡ ವರ.

ನನಗೆ ಭಯವಿರುವುದು, ಓದಲಾಗದ್ದನ್ನು ಓದಿದೆವೆಂದು ನಂಬುವವರ ಬಗ್ಗೆ. 2008ರಲ್ಲಿ ನಮ್ಮ ಪುಣೆಯ ಸೆಷನ್ಸ್ ನ್ಯಾಯಾಲಯವೇ ಕೊಲೆ ಪ್ರಕರಣವೊಂದರಲ್ಲಿ ಬಿಇಒಎಸ್ ಎಂಬ ಮಿದುಳು ಪರೀಕ್ಷೆಯ ಫಲಿತಾಂಶವನ್ನು ಸಾಕ್ಷ್ಯಗಳಲ್ಲಿ ಒಂದಾಗಿ ಪರಿಗಣಿಸಿ ಶಿಕ್ಷೆ ವಿಧಿಸಿತು. ಅಪರಾಧದ ವಿವರಗಳನ್ನು ಕೇಳಿಸಿ, ಅದನ್ನು ಸ್ವತಃ ಅನುಭವಿಸಿದ ನೆನಪಿದೆಯೇ ಎಂದು ಮಿದುಳಿನ ತರಂಗಗಳಲ್ಲಿ ಹುಡುಕುವ ಈ ಪದ್ಧತಿಯನ್ನು ರೂಪಿಸಿದವರು ಹಿಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸಿ.ಆರ್. ಮುಕುಂದನ್. ರೋಗಿ ಕಣ್ಣು ಮಿಟುಕಿಸಿದರೂ, ಹಲ್ಲು ಕಚ್ಚಿದರೂ ಇಇಜಿಯ ಗೆರೆ ಕದಡುವುದನ್ನು ದಿನವೂ ನೋಡುತ್ತಿದ್ದ ನನಗೆ, ಅದೇ ಗೆರೆಗಳ ಬಲದಿಂದ ಒಬ್ಬರ ಜೀವನ ತೀರ್ಮಾನವಾಗಬಹುದೆಂಬುದು ಜೀರ್ಣವಾಗಲೇ ಇಲ್ಲ. 2010ರ ಮೇ 5ರಂದು ಸುಪ್ರೀಂ ಕೋರ್ಟ್, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆಗಳನ್ನು ಮಾಡುವಂತಿಲ್ಲವೆಂದೂ, ಒಪ್ಪಿ ಮಾಡಿಸಿಕೊಂಡರೂ ಅವುಗಳ ಫಲಿತಾಂಶವೇ ನೇರವಾಗಿ ಸಾಕ್ಷ್ಯವಾಗದೆಂದೂ ಹೇಳಿತು.

ಪೊಲೀಸರ ವಿಷಯದಲ್ಲಿ ಹೀಗೊಂದು ಬೇಲಿ ಬಿತ್ತು. ವ್ಯಾಪಾರಿಗಳ ವಿಷಯದಲ್ಲಿ ಬಿದ್ದಿಲ್ಲ. ತಲೆಗೆ ಕಟ್ಟಿಕೊಂಡರೆ ಮಿದುಳಿನ ತರಂಗ ಹಿಡಿದು ಏಕಾಗ್ರತೆ ಅಳೆಯುತ್ತೇವೆಂದು ಮಾರುವ ತಲೆಪಟ್ಟಿಗಳ ದತ್ತಾಂಶ ಯಾರದು? 2021ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು ಮಿದುಳಿನ ಚಟುವಟಿಕೆಗೆ ರಕ್ಷಣೆ ಕೊಟ್ಟ ಚಿಲಿ ದೇಶದಲ್ಲಿ, 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮಾಜಿ ಸೆನೆಟರ್ ಒಬ್ಬರ ಮಿದುಳಿನ ದತ್ತಾಂಶವನ್ನು ಅಳಿಸುವಂತೆ, ಮಿದುಳಿನ ತರಂಗ ಹಿಡಿಯುವ ಸಾಧನ ಮಾರುವ ಎಮೋಟಿವ್ ಕಂಪನಿಗೆ ಆದೇಶಿಸಿತು. ಅದೇ ವರ್ಷ ಬಂದ ನಮ್ಮ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಿದುಳಿನ ದತ್ತಾಂಶಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಫೋನ್ ನಂಬರಿನ ಸಾಲಿನಲ್ಲೇ ಅದೂ ಕುಳಿತಿದೆ.

ಹಾಗಾಗಿ ಪಾರ್ಕಿನ್ಸನ್ ರೋಗದ ನಡುಕಕ್ಕೆ ವೈದ್ಯರು ಮಿದುಳಿನಲ್ಲಿ ಎಲೆಕ್ಟ್ರೋಡ್ ಇಡುವ ಮಾತೆತ್ತಿದರೆ ಮನಸ್ಸಿನ ಗುಟ್ಟಿನ ಚಿಂತೆ ಬಿಟ್ಟು ಶಸ್ತ್ರಚಿಕಿತ್ಸೆಯ ಅಪಾಯವನ್ನು ವಿಚಾರಿಸಿ ಎನ್ನುತ್ತೇನೆ. ಮೊಮ್ಮಗನ ಓದಿಗೆಂದು ತಲೆಪಟ್ಟಿ ಕೊಳ್ಳಲು ಹೊರಟವರಿಗೆ ಮಾತ್ರ, ಅದರ ಒಪ್ಪಿಗೆ ಪತ್ರವನ್ನು ತಂದು ತೋರಿಸಿ, ಇಬ್ಬರೂ ಕೂತು ಓದೋಣ ಎಂದು ಹೇಳುತ್ತೇನೆ.