ಕೇದಾರೇಶ್ವರನ ಅಂಗಳದಲ್ಲಿ ಪೂರ್ವಪಕ್ಷ

ಕಾರ್ತಿಕ ಸೋಮವಾರದ ಶಿವದರ್ಶನಕ್ಕೆ ನಮ್ಮ ಮನೆಯವರು ಹಿಂದಿನಿಂದಲೂ ಬಳ್ಳಿಗಾವಿಗೆ ಹೋಗುವವರು. ಶಿಕಾರಿಪುರ ತಾಲ್ಲೂಕಿನ ಈ ಊರಿನ ಕೇದಾರೇಶ್ವರನಿಗೆ ಶಾಸನಗಳ ಕಾಲದಿಂದಲೂ ದಕ್ಷಿಣ ಕೇದಾರನೆಂಬ ಹೆಸರಿದೆ. ಹಿಮಾಲಯದ ಕೇದಾರಕ್ಕೆ ಹೋಗಲಾಗದವರಿಗೆ ಆ ಪುಣ್ಯ ಇಲ್ಲಿಯೇ ಸಿಗುತ್ತದೆ ಎಂಬುದು ಮನೆಯ ಹಿರಿಯರ ನಂಬಿಕೆ. ಗುಡಿಗೆ ಮೂರು ಗರ್ಭಗೃಹಗಳು. ಎರಡರಲ್ಲಿ ಲಿಂಗ, ಒಂದರಲ್ಲಿ ವಿಷ್ಣು. ಬಿಲ್ವಪತ್ರೆ ಅರ್ಪಿಸಿ, ದೀಪ ಹಚ್ಚಿ, ಕೈಮುಗಿದ ಮೇಲೆ ಉಳಿದವರು ಬುತ್ತಿ ಬಿಚ್ಚುವ ಹೊತ್ತಿಗೆ ನಾನು ಶಾಸನಗಳ ಕಡೆಗೆ ನಡೆಯುತ್ತೇನೆ. ನನ್ನ ಪಾಲಿಗೆ ಅದೂ ಪ್ರದಕ್ಷಿಣೆಯೇ.

ಈ ದೇವಾಲಯಕ್ಕೆ ಸೇರಿದ್ದ ಕಾಳಾಮುಖ ಶೈವರ ಮಠವನ್ನು ಕೋಡಿಯ ಮಠ ಎನ್ನುತ್ತಿದ್ದರು. ಕಳಚೂರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಆ ಮಠವನ್ನು ಉದ್ದಕ್ಕೆ ವರ್ಣಿಸುತ್ತದೆ. ನಾಲ್ಕು ವೇದಗಳ ಅಧ್ಯಯನ ಅಲ್ಲಿತ್ತು ಎನ್ನುವುದರಲ್ಲಿ ಆಶ್ಚರ್ಯವೇನಿಲ್ಲ. ಕಾಳಾಮುಖರದೇ ಆದ ಲಾಕುಳ ಸಿದ್ಧಾಂತ, ಪತಂಜಲಿಯ ಯೋಗ, ಹದಿನೆಂಟು ಪುರಾಣಗಳು ಇದ್ದದ್ದೂ ಸಹಜ. ಆದರೆ ಅದೇ ಪಟ್ಟಿಯಲ್ಲಿ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನವೂ ಇದೆ! ಇವೆಲ್ಲಕ್ಕೂ ವ್ಯಾಖ್ಯಾನ ನಡೆಯುವ ಸ್ಥಾನ ಎಂದು ಶಾಸನ ಹೆಮ್ಮೆಯಿಂದ ಹೇಳುತ್ತದೆ. ವ್ಯಾಕರಣದಲ್ಲಿ ಪಾಣಿನಿಯೊಡನೆ ಶಾಕಟಾಯನವೂ ಸೇರಿದೆ. ವೇದಪ್ರಾಮಾಣ್ಯವನ್ನು ಒಪ್ಪದ ಬೌದ್ಧ, ಈಶ್ವರನ ಗೊಡವೆಗೆ ಹೋಗದೆ ಜಗತ್ತನ್ನು ವಿವರಿಸುವ ಸಾಂಖ್ಯ, ಯಜ್ಞದ ಫಲಕ್ಕೆ ದೇವರ ಕೃಪೆ ಬೇಕಿಲ್ಲ ಎನ್ನುವ ಮೀಮಾಂಸಕ, ಇವರೆಲ್ಲರ ಮಾತು ಶಿವನ ಮನೆಯಂಗಳದಲ್ಲೇ ಪಾಠವಾಗುತ್ತಿತ್ತು.

ಇದು ಬರಿಯ ಔದಾರ್ಯವೆಂದು ನಾನು ಭಾವಿಸುವುದಿಲ್ಲ. ನಮ್ಮ ಶಾಸ್ತ್ರಗಳ ಕ್ರಮವೇ ಹಾಗೆ. ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ವಾದದ ನಿರೂಪಣೆ, ಆಮೇಲೆ ಖಂಡನೆ, ಕೊನೆಗೆ ಸಿದ್ಧಾಂತ. ಎದುರಾಳಿಯ ಮಾತನ್ನು, ಅವನೇ ಹೌದು ಹೌದು ಎಂದು ತಲೆದೂಗುವಷ್ಟು ಸರಿಯಾಗಿ ಹೇಳಲು ಬಾರದವನಿಗೆ ಖಂಡಿಸುವ ಅಧಿಕಾರವಿಲ್ಲ. ಬಳ್ಳಿಗಾವಿಯಲ್ಲಂತೂ ಎದುರಾಳಿ ತಾಳೆಗರಿಯೊಳಗಿನ ಕಲ್ಪನೆಯಾಗಿರಲಿಲ್ಲ. ಅವನು ಪಕ್ಕದ ಕೇರಿಯಲ್ಲೇ ಇದ್ದ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಲ್ಲರಿಗೂ ಈ ಊರಿನಲ್ಲಿ ಆಲಯಗಳಿದ್ದವು. 1065ರಲ್ಲಿ ದಂಡನಾಯಕ ರೂಪಭಟ್ಟಯ್ಯ ಇಲ್ಲಿ ಬೌದ್ಧ ವಿಹಾರವನ್ನೇ ಕಟ್ಟಿಸಿದ. ತಪ್ಪಾಗಿ ಉದ್ಧರಿಸಿದರೆ ಸಂಜೆಯೊಳಗೆ ಯಾರಾದರೂ ಬಂದು ತಿದ್ದುತ್ತಿದ್ದರು.

ಹಾಗೆಂದು ಎಲ್ಲರೂ ನಗುನಗುತ್ತಾ ವಾದಿಸಿದರು ಎಂದೇನೂ ಅಲ್ಲ. ಇದೇ ಊರಿನ ಪಂಚಲಿಂಗ ದೇವಾಲಯಕ್ಕೆ ಸಂಬಂಧಿಸಿದ 1036ರ ಶಾಸನವನ್ನು ನೋಡಿ. ಚಾಲುಕ್ಯ ಎರಡನೆಯ ಜಯಸಿಂಹನಿಂದ ದಾನ ಪಡೆದ ಕಾಳಾಮುಖ ಆಚಾರ್ಯ ಲಕುಳೀಶ್ವರ ಪಂಡಿತನ ಹೊಗಳಿಕೆ ಅದರಲ್ಲಿದೆ. ಬೌದ್ಧರೆಂಬ ಸಮುದ್ರಕ್ಕೆ ಬಡಬಾಗ್ನಿ (ಕಡಲೊಳಗಿನ ಬೆಂಕಿ), ಮೀಮಾಂಸಕರೆಂಬ ಬೆಟ್ಟಕ್ಕೆ ವಜ್ರಾಯುಧ, ಲೋಕಾಯತರೆಂಬ (ಭೌತವಾದಿಗಳೆಂಬ) ಮರಕ್ಕೆ ಗರಗಸ. ವಾದಿರಾಜನ ಬಾಯಿಗೆ ಮುದ್ರೆಯೊತ್ತಿದವನು ಎಂಬ ಮಾತೂ ಇದೆ. ಓದುತ್ತಾ ಹೋದರೆ ಕುಸ್ತಿ ಅಖಾಡದ ಪಕ್ಕ ನಿಂತಂತಾಗುತ್ತದೆ. ಸೋತವರ ಕಡೆಯ ಶಾಸನ ಏನು ಹೇಳುತ್ತದೆ? ಇದೇ ಜಿಲ್ಲೆಯ ಹುಂಚದ ಜೈನ ಶಾಸನವೊಂದರಲ್ಲಿ ಆಚಾರ್ಯ ವಾದಿರಾಜರ ಸ್ತುತಿಯಿದೆ. ಅವರೂ ಜಯಸಿಂಹನ ಕಾಲದವರೇ, ಜಗದೇಕಮಲ್ಲವಾದಿ ಎಂದು ಬಿರುದು ಪಡೆದವರು. ಬಾಯಿಗೆ ಮುದ್ರೆ ಬಿದ್ದದ್ದು ಇವರದ್ದೇ ಇರಬೇಕು, ಆದರೆ ಹುಂಚದವರಿಗೆ ಆ ಸುದ್ದಿ ತಲುಪಿದಂತಿಲ್ಲ.

ಆ ಜೈನ ಸ್ತುತಿಯ ರೀತಿ ನನಗೆ ಬಹಳ ಹಿಡಿಸಿದೆ. ಸಭೆಯಲ್ಲಿ ಅಕಳಂಕ, ಕೀರ್ತಿಸುವಲ್ಲಿ ಧರ್ಮಕೀರ್ತಿ, ಮಾತಿನಲ್ಲಿ ಬೃಹಸ್ಪತಿ, ನ್ಯಾಯವಾದದಲ್ಲಿ ಅಕ್ಷಪಾದ ಎಂದು ಅದು ವಾದಿರಾಜರನ್ನು ಕೊಂಡಾಡುತ್ತದೆ. ಅಕಳಂಕನೇನೋ ಜೈನನೇ. ಧರ್ಮಕೀರ್ತಿ ಬೌದ್ಧ, ಅಕ್ಷಪಾದ ವೈದಿಕರ ನ್ಯಾಯಶಾಸ್ತ್ರವನ್ನು ಸೂತ್ರೀಕರಿಸಿದವನು. ತಮ್ಮ ಗುರುವನ್ನು ಹೊಗಳಲು ಹೊರಟವರಿಗೆ ಎದುರು ಪಾಳೆಯದ ದೊಡ್ಡವರ ಹೆಸರುಗಳೇ ಬೇಕಾದವು. ಯಾರೊಡನೆ ಬದುಕಿಡೀ ಜಗಳವಾಡಿದರೋ ಅವರ ಎತ್ತರವನ್ನೇ ಅಳತೆಗೋಲು ಮಾಡಿಕೊಂಡರು.

ಬಳ್ಳಿಗಾವಿಯಿಂದ ಹೆಚ್ಚು ದೂರವಿಲ್ಲದ ಅಬ್ಬಲೂರಿಗೆ ಹೋದಾಗ ನನ್ನ ಮನಸ್ಸಿಗೆ ಇಷ್ಟು ಸಮಾಧಾನವಾಗಲಿಲ್ಲ. ಹಾವೇರಿ ಜಿಲ್ಲೆಯ ಆ ಊರಿನ ಶಾಸನದಲ್ಲಿ ಏಕಾಂತದ ರಾಮಯ್ಯನ ಕಥೆಯಿದೆ. ಶಿವನೇ ದೊಡ್ಡವನೆಂದು ತೋರಿಸಲು ಅವನು ಜೈನರೊಡನೆ ತಲೆಯನ್ನೇ ಪಣವಿಟ್ಟ, ಶಿರಸ್ಸನ್ನು ಕತ್ತರಿಸಿ ಶಿವನಿಗೆ ಒಪ್ಪಿಸಿ ಏಳು ದಿನಗಳ ಮೇಲೆ ಮರಳಿ ಪಡೆದ, ಜಿನಪ್ರತಿಮೆಯನ್ನು ಒಡೆದ, ಬಿಜ್ಜಳನಿಂದ ಜಯಪತ್ರ ಪಡೆದ. ಅವನ ಭಕ್ತಿಯ ತೀವ್ರತೆಗೆ ನಾನು ತಲೆಬಾಗುತ್ತೇನೆ. ಪ್ರತಿಮೆ ಒಡೆದುದಕ್ಕೆ ಬಾಗಲಾರೆ. ಪವಾಡಕ್ಕೆ ಪ್ರಶ್ನೆ ಕೇಳುವುದು ಹೇಗೆ? ತಲೆ ಮರಳಿ ಬಂದ ಮೇಲೆ ಎದುರಿನವನಿಗೆ ಹೇಳಲು ಮಾತೇ ಉಳಿಯುವುದಿಲ್ಲ. ಕೋಡಿಯ ಮಠದ ಶಿವನೂ ಅಬ್ಬಲೂರಿನ ಶಿವನೂ ಒಬ್ಬನೇ ಎಂದು ಗೊತ್ತು. ಆದರೂ ಹರಕೆ ಹೊರುವಾಗ ನನ್ನ ಕೈ ಕೇದಾರೇಶ್ವರನ ಕಡೆಗೇ ಮುಗಿಯುತ್ತದೆ.

ಅದಕ್ಕೆ ಇನ್ನೊಂದು ಕಾರಣ ಅನ್ನ. 1162ರ ಅದೇ ಶಾಸನ ಮಠದಲ್ಲಿ ಊಟ ಸಿಗುವವರ ಪಟ್ಟಿಯನ್ನೂ ಕೊಡುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕುಣಿಯುವವರು. ಅವರ ಜೊತೆಗೆ ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸರೆಂಬ ಬೇರೆ ಬೇರೆ ಬಗೆಯ ಸನ್ಯಾಸಿಗಳು, ಕ್ಷಪಣಕರು. ಕ್ಷಪಣಕರೆಂದರೆ ದಿಗಂಬರ ಜೈನ ಸನ್ಯಾಸಿಗಳು. ಬೆಳಿಗ್ಗೆ ಯಾರ ಮತವನ್ನು ಗರಗಸ ಹಿಡಿದು ಕೊಯ್ದರೋ ಮಧ್ಯಾಹ್ನ ಅವನಿಗೇ ಎಲೆ ಹಾಕಿದರು ಎಂದು ಊಹಿಸಿಕೊಳ್ಳುತ್ತೇನೆ. ರೋಗಿಗಳಿಗೆ ಚಿಕಿತ್ಸೆಯೂ ಅಲ್ಲಿತ್ತು, ಸಕಲ ಪ್ರಾಣಿಗಳಿಗೂ ಅದು ಅಭಯಸ್ಥಾನವಾಗಿತ್ತು.

ಆ ಶಾಸನ ಹುಟ್ಟಿದ ಕಾಲಕ್ಕೆ ಕಲ್ಯಾಣದಲ್ಲಿ ಇದೇ ಬಿಜ್ಜಳನ ಭಂಡಾರಿಯಾಗಿ ಬಸವಣ್ಣನವರಿದ್ದರೆಂಬುದು ಪರಂಪರೆ. ಅಲ್ಲಿನ ಅನುಭವಗೋಷ್ಠಿಯ ಶೂನ್ಯಸಿಂಹಾಸನವೇರಿದ ಅಲ್ಲಮಪ್ರಭು ಈ ಬಳ್ಳಿಗಾವಿಯವರು. ಅವರ ಮುಂದೆ ಬಂದು ನಿಂತ ಅಕ್ಕಮಹಾದೇವಿ ಇಲ್ಲೇ ಹತ್ತಿರದ ಉಡುತಡಿಯವಳು. ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯಲ್ಲಿ ಬರುವ ಅವರಿಬ್ಬರ ಮಾತುಕತೆಯನ್ನು ನಾವು ಕಾರ್ತಿಕದ ಸಂಜೆಗಳಲ್ಲಿ ಮನೆಯಲ್ಲಿ ಓದುತ್ತೇವೆ. ಒಬ್ಬರು ಅಲ್ಲಮ, ಒಬ್ಬರು ಅಕ್ಕ. ಅಲ್ಲಮನ ಪಾಲು ಸಿಕ್ಕವರಿಗೆ ಮುಜುಗರ, ಏಕೆಂದರೆ ಪ್ರಶ್ನೆಗಳು ಅಷ್ಟು ಒರಟು. ಸೀರೆಯನ್ನೇ ತೊರೆದವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂದು ಕೇಳುತ್ತಾರೆ. ಒಳಗೆ ಹಣ್ಣಾಗುವ ತನಕ ಹೊರಗಿನ ಸಿಪ್ಪೆಯ ಬಣ್ಣ ಕೆಡುವುದಿಲ್ಲ, ನೋಡಿ ನಿಮಗೆ ನೋವಾದೀತೆಂದು ಮುಚ್ಚಿಕೊಂಡೆ, ಕಾಡಬೇಡಣ್ಣಾ ಎಂದು ಅಕ್ಕ ಉತ್ತರಿಸುತ್ತಾಳೆ. ತುಂಬಿದ ಗೋಷ್ಠಿಯಲ್ಲಿ, ಪೀಠದಲ್ಲಿ ಕುಳಿತವರಿಗೆ ಕೊಟ್ಟ ಉತ್ತರ ಅದು. ಪರೀಕ್ಷೆ ಮುಗಿದ ಮೇಲೆ ಹಿರಿಯ ಶರಣರೇ ಅವಳಿಗೆ ಶರಣೆನ್ನುತ್ತಾರೆ. ಕಳೆದ ವರ್ಷ ಅಲ್ಲಮನ ಪಾಲು ಓದಿದ ಹುಡುಗಿ, ನಾನೂ ಮಧ್ಯೆ ನನ್ನದೊಂದು ಪ್ರಶ್ನೆ ಸೇರಿಸಬಹುದೇ ಎಂದು ಕೇಳಿದಳು. ಸೇರಿಸಲು ಬಿಟ್ಟೆವು. ಉತ್ತರ ಹುಡುಕುವುದರಲ್ಲಿ ಮಂಗಳಾರತಿ ತಡವಾಯಿತು.

ಬಳ್ಳಿಗಾವಿಗೆ ಶಿರಾಳಕೊಪ್ಪದಿಂದ ಹೋಗುವುದು ಸುಲಭ. ಹೋದವರು ಉಡುತಡಿಯೆಂದು ಗುರುತಿಸಲಾಗುವ ಉಡುಗಣಿಯನ್ನೂ ಅದೇ ದಿನ ನೋಡಿಕೊಂಡು ಬರಬಹುದು. ಯಾವ ಗುಡಿಯಲ್ಲೇ ಆಗಲಿ, ಶಾಸನದ ಕಲ್ಲು ಕಂಡರೆ ಭಕ್ತಿಯಿಂದ ಎಣ್ಣೆ, ಕುಂಕುಮ ಬಳಿಯಬೇಡಿ. ಅಕ್ಷರಗಳು ಮುಚ್ಚಿಹೋಗುತ್ತವೆ.