ಚಾರಣದ ನೀರಿನ ಚೀಲ: ತೊಳೆದರೆ ಸಾಲದು, ಒಣಗಬೇಕು

ಬೆನ್ನುಚೀಲದೊಳಗೆ ಕೂತು, ಭುಜದ ಮೇಲಿಂದ ಇಳಿಬಿಟ್ಟ ಟ್ಯೂಬಿನ ಮೂಲಕ ನಡೆಯುತ್ತಲೇ ನೀರು ಕುಡಿಸುವ ಹೈಡ್ರೇಷನ್ ಬ್ಲಾಡರ್ ಈಗ ನಮ್ಮ ಚಾರಣಿಗರಲ್ಲಿ ಸಾಮಾನ್ಯವಾಗಿದೆ. 1980ರ ದಶಕದ ಕೊನೆಯಲ್ಲಿ ಟೆಕ್ಸಾಸ್‌ನ ಸುಡುಬಿಸಿಲಿನ ಸೈಕಲ್ ಓಟವೊಂದರಲ್ಲಿ ಮೈಕೆಲ್ ಈಡ್ಸನ್ ಎಂಬವರು ಆಸ್ಪತ್ರೆಯ ಡ್ರಿಪ್ ಚೀಲವನ್ನು ಕಾಲುಚೀಲದೊಳಗೆ ತುರುಕಿ ಬೆನ್ನಿಗೆ ಕಟ್ಟಿಕೊಂಡದ್ದೇ ಇಂಥ ಚೀಲಗಳನ್ನು ತಯಾರಿಸುವ ಕ್ಯಾಮೆಲ್‌ಬ್ಯಾಕ್ ಕಂಪನಿಯ ಮೂಲ. ಆದರೆ ಡ್ರಿಪ್ ಚೀಲವನ್ನು ಒಮ್ಮೆ ಬಳಸಿ ಎಸೆಯುತ್ತಾರೆ. ನಾವು ನಮ್ಮ ಚೀಲವನ್ನು ವರ್ಷಗಟ್ಟಲೆ ಬಳಸುತ್ತೇವೆ, ಅದೂ ಎರಡು ಚಾರಣಗಳ ನಡುವೆ ತಿಂಗಳುಗಟ್ಟಲೆ ಕಪಾಟಿನಲ್ಲಿ ಮಡಚಿಟ್ಟು.

ಬಹುತೇಕರು ಚೀಲವನ್ನಷ್ಟೇ ತೊಳೆಯುತ್ತಾರೆ. ಚೀಲದ ಬಾಯಿ ಅಗಲವಿರುವುದರಿಂದ ಕೈ ಹೋಗುತ್ತದೆ, ಕೊಳೆ ಕಣ್ಣಿಗೆ ಬೀಳುತ್ತದೆ. ನಿಜವಾದ ತೊಂದರೆ ಇರುವುದು ಟ್ಯೂಬಿನಲ್ಲಿ ಮತ್ತು ಅದರ ತುದಿಯ ಬೈಟ್ ವಾಲ್ವ್‌ನಲ್ಲಿ, ಅಂದರೆ ಹಲ್ಲಿನಿಂದ ಒತ್ತಿದಾಗ ಬಾಯಿಬಿಡುವ ಸಿಲಿಕೋನ್ ತುಂಡಿನಲ್ಲಿ. ನಮ್ಮ ಎಂಜಲು ತಾಗುವುದು ಅಲ್ಲಿಗೆ, ನೀರು ಕೊನೆಯವರೆಗೂ ನಿಲ್ಲುವುದೂ ಅಲ್ಲೇ. ವಾಲ್ವನ್ನು ಟ್ಯೂಬಿನಿಂದ ಕಿತ್ತು, ಎರಡು ಬೆರಳಿನಿಂದ ಒತ್ತಿ, ಸೀಳಿನ ಒಳಭಾಗವನ್ನು ಬೆಳಕಿಗೆ ಹಿಡಿದು ನೋಡಿ. ನಸುಗೆಂಪು ಲೋಳೆಯೋ, ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳೋ ಕಂಡರೆ ಅಚ್ಚರಿಪಡಬೇಕಾಗಿಲ್ಲ. ಲೋಳೆ ಬ್ಯಾಕ್ಟೀರಿಯಾಗಳು ತಾವೇ ಕಟ್ಟಿಕೊಂಡ ಪದರವಾದ್ದರಿಂದ ಬರಿಯ ನೀರು ಹಾಯಿಸಿದರೆ ಹೋಗುವುದಿಲ್ಲ, ಉಜ್ಜಲೇಬೇಕು.

ಉಜ್ಜಲು ಉದ್ದನೆಯ ತಂತಿಯ ಬ್ರಷ್ಷುಗಳು ಸಿಗುತ್ತವೆ. ಇಲ್ಲದಿದ್ದರೆ ಗಟ್ಟಿ ದಾರದ ಒಂದು ತುದಿಗೆ ಚಿಕ್ಕ ಬಟ್ಟೆಯ ತುಂಡು ಕಟ್ಟಿ, ಇನ್ನೊಂದು ತುದಿಯನ್ನು ಟ್ಯೂಬಿನೊಳಗೆ ನೀರಿನ ಜೊತೆ ಹರಿಯಬಿಟ್ಟು, ಆಚೆಯಿಂದ ಎಳೆದುಕೊಂಡರಾಯಿತು. ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ, ಕೈ ತಾಳುವಷ್ಟು ಬಿಸಿಯ ನೀರು ಇದಕ್ಕೆ ಸಾಕು. ಕುದಿಯುವ ನೀರು ಬೇಡ; ಚೀಲದ ಅಂಚುಗಳನ್ನು ಬೆಸೆದಿರುವುದು ಶಾಖದಿಂದಲೇ, ಅತಿಯಾದ ಶಾಖಕ್ಕೆ ಅವು ಸಡಿಲಗೊಳ್ಳಬಹುದು.

ವಾಸನೆಗೆ ಅಡುಗೆ ಸೋಡಾ ಒಳ್ಳೆಯದು: ಒಂದು ಲೀಟರಿಗೆ ಎರಡು ದೊಡ್ಡ ಚಮಚ ಬೆರೆಸಿ ಅರ್ಧ ಗಂಟೆ ಬಿಡಬೇಕು. ಕೊಳವೆಬಾವಿಯ ಗಡಸು ನೀರು ತುಂಬಿಸುವ ಮನೆಗಳಲ್ಲಿ ಚೀಲದೊಳಗೆ ಬಿಳಿಯ ಪೊರೆ ಕಟ್ಟುತ್ತದೆ, ಅದಕ್ಕೆ ನಿಂಬೆರಸ ಅಥವಾ ನಿಂಬೆ ಉಪ್ಪು ಬೇಕು. ಸೋಡಾ ಮತ್ತು ನಿಂಬೆಯನ್ನು ಒಟ್ಟಿಗೆ ಹಾಕಿ ನೊರೆಯುಕ್ಕಿಸುವ ಪದ್ಧತಿ ನೋಡಲು ಸೊಗಸಾಗಿದೆ, ಆದರೆ ಆಮ್ಲವೂ ಕ್ಷಾರವೂ ಪರಸ್ಪರ ಕಳೆದುಕೊಂಡು ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು ಮಾತ್ರ. ಬೂಷ್ಟು ಹಿಡಿದಿದ್ದರೆ ಇವೆರಡೂ ಸಾಲವು. ಆಗ ಸುವಾಸನೆ, ಬಣ್ಣ ಬೆರೆಸದ ಸಾದಾ ಬ್ಲೀಚ್ ದ್ರಾವಣವನ್ನು ಲೀಟರಿಗೆ ಒಂದು ಟೀ ಚಮಚದಂತೆ ಬೆರೆಸಿ, ಟ್ಯೂಬಿನೊಳಗೂ ಅದು ತುಂಬುವಂತೆ ವಾಲ್ವ್ ಒತ್ತಿ, ಅರ್ಧ ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ಮತ್ತೆ ಮತ್ತೆ ತೊಳೆಯಬೇಕು. ಬ್ಲೀಚ್ ಹಾಕಿದ ದಿನ ನಿಂಬೆಯನ್ನಾಗಲಿ ವಿನೆಗರನ್ನಾಗಲಿ ಹತ್ತಿರ ತರಬಾರದು. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಬ್ಲೀಚ್ ಎಂದರೆ ಅಳುಕುವವರು ಔಷಧದ ಅಂಗಡಿಯಲ್ಲಿ ಸಿಗುವ, ಹಲ್ಲುಸೆಟ್ಟು ತೊಳೆಯುವ ಮಾತ್ರೆಯನ್ನು ಬಳಸಬಹುದು.

ಇಷ್ಟೆಲ್ಲ ಮಾಡಿಯೂ ಚೀಲ ಕೆಡುವುದು ಒಣಗದೇ ಇರುವುದರಿಂದ. ಮೆತ್ತನೆಯ ಪ್ಲಾಸ್ಟಿಕ್ಕಿನ ಎರಡು ಗೋಡೆಗಳು ಒಂದಕ್ಕೊಂದು ಅಂಟಿಕೊಂಡರೆ ನಡುವಿನ ಹನಿಗೆ ಗಾಳಿಯೇ ತಾಗುವುದಿಲ್ಲ. ನಾನು ಬಟ್ಟೆಯ ಹ್ಯಾಂಗರನ್ನು ಮಡಚಿ ಚೀಲದೊಳಗೆ ತೂರಿಸಿ, ಬಾಯಿ ಕೆಳಗಾಗಿ ಫ್ಯಾನಿನಡಿ ತೂಗುಹಾಕುತ್ತೇನೆ. ಟ್ಯೂಬಿನ ಒಂದು ತುದಿ ಹಿಡಿದು ಅಂಗಳದಲ್ಲಿ ಬೀಸಿ ಹನಿ ಹಾರಿಸಿದ ಮೇಲೆ ಅದನ್ನೂ ನೇರವಾಗಿ ಇಳಿಬಿಡುತ್ತೇನೆ. ಬಿಸಿಲಿಗೆ ಹಾಕುವ ಆಸೆ ಸಹಜ, ಆದರೆ ಹೆಚ್ಚು ಬಿಸಿಲು ಪ್ಲಾಸ್ಟಿಕ್ಕನ್ನು ಪೆಡಸು ಮಾಡುತ್ತದೆ. ಒಗೆದ ಬಟ್ಟೆಯೇ ವಾರವಿಡೀ ಒಣಗದ ಮಲೆನಾಡಿನ ಆಷಾಢದಲ್ಲಿ ಈ ಉಪಾಯವೂ ಫಲಿಸದು. ಆಗ ಚೀಲವನ್ನೂ ಟ್ಯೂಬನ್ನೂ ಚೆನ್ನಾಗಿ ತೊಳೆದು ಬಸಿದು, ಜಿಪ್ ಕವರಿನೊಳಗೆ ಹಾಕಿ ಫ್ರೀಜರಿನಲ್ಲಿ ಇಡುವುದೇ ಉತ್ತಮ. ಚಳಿ ಸೂಕ್ಷ್ಮಜೀವಿಗಳನ್ನೆಲ್ಲ ಕೊಲ್ಲದು, ಬೆಳೆಯಗೊಡದು, ಅಷ್ಟೇ. ಆದ್ದರಿಂದ ತೊಳೆಯದೆ ಇಟ್ಟರೆ ಪ್ರಯೋಜನವಿಲ್ಲ. ಹೊರತೆಗೆದ ಕೂಡಲೇ ಬಿಡಿಸಲು ಹೋದರೆ ಸೆಟೆದ ಪ್ಲಾಸ್ಟಿಕ್ ಸೀಳೀತು.

ಚೀಲಕ್ಕೆ ಏನು ತುಂಬಿಸುತ್ತೇವೆ ಎಂಬುದೂ ಮುಖ್ಯ. ಕುಮಾರ ಪರ್ವತದ ದಾರಿಯಲ್ಲಿ ಗಿರಿಗದ್ದೆ ತಲುಪುವ ಹೊತ್ತಿಗೆ ಪಾನಕ, ಮಜ್ಜಿಗೆ, ಓಆರ್‌ಎಸ್ ಎಲ್ಲಕ್ಕೂ ಮನಸ್ಸು ಹಾತೊರೆಯುತ್ತದೆ, ನಿಜ. ಅವನ್ನು ಬೇರೆ ಬಾಟಲಿಯಲ್ಲಿ ಒಯ್ಯುವುದು ಲೇಸು. ಸಕ್ಕರೆಯ ಅಂಟು ಟ್ಯೂಬಿನಲ್ಲಿ ಒಂದು ರಾತ್ರಿ ಉಳಿದರೂ ಸಾಕು, ಮರುದಿನ ಹುಳಿವಾಸನೆ ಬರುತ್ತದೆ. ಮಜ್ಜಿಗೆಯ ಜಿಡ್ಡಂತೂ ಸೋಪಿಗೂ ಸುಲಭವಾಗಿ ಬಗ್ಗದು.

ಸಿಲಿಕೋನಿನೊಳಗೆ ಇಳಿದ ಕಪ್ಪು ಚುಕ್ಕೆ ಬ್ಲೀಚಿಗೂ ಹೋಗದಿದ್ದರೆ ಆ ವಾಲ್ವನ್ನು ಎಸೆಯುವುದೇ ಸರಿ. ಅದಕ್ಕಾಗಿ ಇಡೀ ಚೀಲವನ್ನು ಬದಲಿಸಬೇಕಾಗಿಲ್ಲ, ವಾಲ್ವ್ ಮತ್ತು ಟ್ಯೂಬ್ ಬಿಡಿಯಾಗಿ ಸಿಗುತ್ತವೆ. ಎಲ್ಲ ಕಂಪನಿಗಳ ಅಳತೆ ಒಂದೇ ಅಲ್ಲದ ಕಾರಣ, ಹಳೆಯ ತುಂಡನ್ನು ಅಂಗಡಿಗೆ ಒಯ್ದು ಹೊಂದಿಸಿ ನೋಡಿಯೇ ಕೊಳ್ಳಬೇಕು.